ಗಾಂಧಾರವಿಲ್ಲದ ಹಾಡು

ಶವಪೆಟ್ಟಿಗೆ ಹೊತ್ತುಕೊಂಡು ಕುಣಿಯುವವರ ವಿಡಿಯೊ ನಿಮಗೂ ನೆನಪಿರಬೇಕು. 2020ರ ಏಪ್ರಿಲ್, ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ಹೊತ್ತು. ಯಾರ ಫೋನು ತೆರೆದರೂ ಅದೇ. ಕಪ್ಪು ಸೂಟು, ಕಪ್ಪು ಕನ್ನಡಕ, ಹೆಗಲ ಮೇಲೆ ಪೆಟ್ಟಿಗೆ, ಹಿಂದಿನಿಂದ ಎದೆಗೆ ಗುದ್ದುವಂಥ ಡಾನ್ಸ್ ಸಂಗೀತ. ಕುಣಿಯುತ್ತಿದ್ದದ್ದು ಘಾನಾ ದೇಶದ ಬೆಂಜಮಿನ್ ಐಡೂ ಅವರ ತಂಡ. ದುಡ್ಡು ಕೊಟ್ಟು ಕರೆಸಿದರೆ ಸತ್ತವರನ್ನು ಕುಣಿಕುಣಿದು ಕಳಿಸಿಕೊಡುವುದು ಅವರ ಕಸುಬು. ಸಂಗೀತ ಮಾತ್ರ ಎಲ್ಲಿಂದಲೋ ಬಂದು ಅಂಟಿಕೊಂಡದ್ದು: ‘ಆಸ್ಟ್ರೊನೋಮಿಯಾ’ ಅಂತ, ರಷ್ಯಾದ ಟೋನಿ ಇಗಿ 2010ರಲ್ಲಿ ಮಾಡಿದ್ದು, ಆಮೇಲೆ ವೈಸ್‌ಟೋನ್ ಎಂಬ ಡಚ್ ಜೋಡಿ ತಿದ್ದಿ ತೀಡಿದ್ದು. ಬೈಕಿನಲ್ಲಿ ವೀಲಿ ಮಾಡುವವನು, ಮಹಡಿಯಿಂದ ಈಜುಕೊಳಕ್ಕೆ ಹಾರುವವನು, ಯಾರು ಬೀಳುವ ಹಾಗೆ ಕಂಡರೂ ತಕ್ಷಣ ಈ ಸಂಗೀತ, ಈ ಪೆಟ್ಟಿಗೆ.

ಅದೇ ತಿಂಗಳು ಜರ್ಮನಿಯ ಕೊರ್ನೇಲಿಯಸ್ ಲಿಂಕ್ ಎಂಬಾತ ಆ ಸಂಗೀತವನ್ನು ಎತ್ತಿಕೊಂಡು ಮಧ್ಯಯುಗದ ಯೂರೋಪಿನ ವಾದ್ಯಗಳ ದನಿಯಲ್ಲಿ ಕೂರಿಸಿದ. ಯಂತ್ರದ ಬಡಿತ ಹೋಗಿ ಚರ್ಮವಾದ್ಯ ಬಂತು, ವಿದ್ಯುತ್ ಸ್ವರಗಳು ಹೋಗಿ ತಂತಿಯೂ ಕೊಳಲೂ ಬಂದವು. ತಮಾಷೆಗೇ ಮಾಡಿದ್ದು, ಅನುಮಾನವಿಲ್ಲ. ಸಾಂಕ್ರಾಮಿಕ ಅಂದ ಕೂಡಲೇ ಯೂರೋಪಿನವರಿಗೆ ನೆನಪಾಗುವುದು 1347ರಿಂದ 1351ರವರೆಗೆ ಇಡೀ ಖಂಡವನ್ನು ಗುಡಿಸಿಹಾಕಿದ ಪ್ಲೇಗು. ಕೋವಿಡ್ ಕಾಲದ ಜೋಕನ್ನು ಪ್ಲೇಗಿನ ಕಾಲಕ್ಕೆ ಒಯ್ದರೆ ಹೇಗಿರುತ್ತದೆ ಎನ್ನುವಷ್ಟೇ ಕುಚೇಷ್ಟೆ. ಆದರೆ ಕೇಳುತ್ತ ಕೂತರೆ ಜೋಕು ಅರ್ಧ ನಿಮಿಷದಲ್ಲಿ ಖರ್ಚಾಗುತ್ತದೆ, ಹಾಡು ಮಾತ್ರ ಖರ್ಚಾಗುವುದಿಲ್ಲ. ನಗು ಮುಗಿದ ಮೇಲೂ ಕಿವಿ ಅಲ್ಲಿಯೇ ನಿಂತಿರುತ್ತದೆ. ಯಾಕೆ ನಿಂತಿತು ಎನ್ನುವುದು ನನ್ನನ್ನು ಆವತ್ತಿನಿಂದ ಕಾಡುತ್ತಿರುವ ವಿಷಯ.

ಇದರಲ್ಲಿ ಇನ್ನೊಂದು ಸೋಜಿಗವಿದೆ. ಪ್ಯಾರಿಸ್ಸಿನ ಒಂದು ಸ್ಮಶಾನದ ಗೋಡೆಯ ಮೇಲೆ 1424–25ರಲ್ಲಿ ಮೃತ್ಯುವಿನ ಕುಣಿತದ ಚಿತ್ರ ಬರೆಸಿದ್ದರು. ಪೋಪ್, ಚಕ್ರವರ್ತಿ, ವ್ಯಾಪಾರಿ, ರೈತ, ಎಳೆಯ ಮಗು, ಎಲ್ಲರ ಕೈ ಹಿಡಿದುಕೊಂಡು ಅಸ್ಥಿಪಂಜರಗಳು ಕುಣಿಯುತ್ತ ಎಳೆದೊಯ್ಯುವ ಚಿತ್ರ. ಆ ಗೋಡೆ ಈಗಿಲ್ಲ. ಅದರ ಮಾದರಿ ಮಾತ್ರ ಯೂರೋಪಿನ ತುಂಬ ಚರ್ಚುಗಳ ಒಳಗೂ ಪುಸ್ತಕಗಳ ಒಳಗೂ ಹಬ್ಬಿತು. ಪೆಟ್ಟಿಗೆ ಹೊತ್ತು ಕುಣಿಯುವ ಘಾನಾದವರಿಗೆ ಹಳೇ ಯೂರೋಪಿನ ರಾಗ ಕಟ್ಟಿದವನು ನಗಿಸಲು ಹೋಗಿ ನೆಟ್ಟಗೆ ಆ ಗೋಡೆಯ ಎದುರಿಗೇ ಬಂದು ನಿಂತಿದ್ದ. ಸಾವನ್ನು ಕುಣಿಸಿ ನೋಡುವ ಬುದ್ಧಿ ಆರುನೂರು ವರ್ಷದಿಂದ ಅಲ್ಲಿ ಕಾದು ಕೂತಿತ್ತು.

ಆಮೇಲೆ ಇಂಥವು ನೊರೆಯುಕ್ಕಿದ ಹಾಗೆ ಬಂದವು. ಬಾರ್ಡ್‌ಕೋರ್ ಅಂತ ಒಂದು ಹೆಸರೂ ಹುಟ್ಟಿಕೊಂಡಿತು. ಬಾರ್ಡ್ ಅಂದರೆ ಊರೂರು ತಿರುಗಿ ಹಾಡಿಕೊಂಡು ಕಥೆ ಹೇಳುವವನು, ನಮ್ಮ ಕಡೆಯ ಗೊಂದಲಿಗರು, ಕಿನ್ನರಿ ಜೋಗಿಗಳ ಪೈಕಿ. ವಿಡಿಯೊಗಳಲ್ಲಿ ಚಿತ್ರವಾಗಿ ಹೆಚ್ಚಾಗಿ ಕಾಣುವುದು ಬೇಯೊ ಊರಿನ ಕಸೂತಿಯ ಮಾದರಿಯ ಗೊಂಬೆಗಳು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕಥೆಯನ್ನು ನಾರುಬಟ್ಟೆಯ ಮೇಲೆ ಉಣ್ಣೆಯ ದಾರದಲ್ಲಿ ಹೊಲಿದಿರುವ, ಸುಮಾರು 70 ಮೀಟರ್ ಉದ್ದದ ಪಟ್ಟಿ ಅದು. ಅದರಲ್ಲೊಂದು ಕಡೆ ಜನ ಗುಂಪುಗೂಡಿ ಕತ್ತೆತ್ತಿ, ಬೆರಳು ತೋರಿಸಿ, ಬಾಲದ ನಕ್ಷತ್ರ ನೋಡುತ್ತಾರೆ. ಅದು ಹ್ಯಾಲಿ ಧೂಮಕೇತು. ಪಾಪ್ ಹಾಡಿನ ಹಿಂದೆ ಆ ಗೊಂಬೆಗಳನ್ನು ಕಂಡಾಗೆಲ್ಲ, ಇವರೂ ನನ್ನ ಹಾಗೆಯೇ ಏನನ್ನೋ ನೋಡಿ ಬಾಯಿ ಬಿಟ್ಟವರು ಅಂತ ಒಂದು ಬಂಧುತ್ವ ಹುಟ್ಟುತ್ತದೆ.

ಈ ಗುಂಪಿನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಕೆನಡಾದ ಒಬ್ಬ ಗಾಯಕಿ. ಆಕೆ ಇಟ್ಟುಕೊಂಡ ಹೆಸರು ಹಿಲ್ಡೆಗಾರ್ಡ್ ಫೋನ್ ಬ್ಲಿಂಗಿನ್. ಅಸಲಿ ಹಿಲ್ಡೆಗಾರ್ಡ್ ರೈನ್ ನದಿಯ ದಂಡೆಯ ಬಿಂಗೆನ್ ಊರಿನ ಮಠದ ಯಜಮಾನಿ, 1098ರಿಂದ 1179ರವರೆಗೆ ಬದುಕಿದ್ದ ಸನ್ಯಾಸಿನಿ. ದರ್ಶನಗಳನ್ನು ಕಂಡವಳು, ಗಿಡಮೂಲಿಕೆಯ ಗ್ರಂಥ ಬರೆದವಳು, ಎಪ್ಪತ್ತಕ್ಕೂ ಹೆಚ್ಚು ಹಾಡುಗಳಿಗೆ ಸ್ವರ ಹಾಕಿದವಳು. ಅವಳದೊಂದು ಗೇಯನಾಟಕದಲ್ಲಿ ಸದ್ಗುಣಗಳೆಲ್ಲ ಹೆಂಗಸರ ರೂಪದಲ್ಲಿ ಬಂದು ಹಾಡುತ್ತವೆ; ಸೈತಾನನಿಗೆ ಮಾತ್ರ ಒಂದು ಸ್ವರವೂ ಇಲ್ಲ, ಅವನು ಬರೀ ಅರಚಬೇಕು. ಸಂಗೀತ ಬಾರದಿರುವುದೇ ಅವನ ನರಕ. ಇಂಥ ತಾಯಿಯ ಹೆಸರಿಗೆ ಥಳಥಳ ಒಡವೆಯ ಅರ್ಥ ಬರುವ ಹಾಗೆ ಒಂದಕ್ಷರ ತೂರಿಸಿ ಪಾಪ್ ಹಾಡು ಹಾಡುವ ಧೈರ್ಯ ಆ ಕೆನಡಾದವಳದು.

ಲಿಂಕ್ ಮಾಡಿದ ಒಂದು ವಾದ್ಯಸಂಗೀತಕ್ಕೆ ಆಕೆ ಕಂಠ ಸೇರಿಸಿದಳು. ಮೂಲ ಹಾಡು ಅಮೆರಿಕದ ಫಾಸ್ಟರ್ ದ ಪೀಪಲ್ ತಂಡದ ‘ಪಂಪ್ಡ್ ಅಪ್ ಕಿಕ್ಸ್’, 2010ರದು. ಶಿಳ್ಳೆ ಹಾಕಿಕೊಂಡು ಸಾಗುವ, ಬೇಸಿಗೆಯ ಮಧ್ಯಾಹ್ನದಂಥ ಹಾಡು. ಮಾಲ್‌ಗಳಲ್ಲಿ, ಕಾಫಿ ಅಂಗಡಿಗಳಲ್ಲಿ ಅದನ್ನು ಕೇಳಿ ತಲೆದೂಗಿದವರಲ್ಲಿ ಎಷ್ಟು ಜನ ಅದರ ಮಾತಿಗೆ ಕಿವಿಗೊಟ್ಟಿದ್ದರೋ. ಜೊತೆಯವರನ್ನು ಗುಂಡಿಟ್ಟು ಕೊಲ್ಲುವ ಯೋಚನೆಯಲ್ಲಿರುವ ಹುಡುಗನೊಬ್ಬನ ಮನಸ್ಸಿನ ಒಳಗೆ ನಿಂತು ಬರೆದ ಹಾಡು ಅದು. ಹಳೇ ರೂಪದಲ್ಲಿ ಬಂದೂಕು ಹೋಗಿ ಬಿಲ್ಲು ಬಂದಿದೆ. ಕುಣಿಸುವ ಬಡಿತ ಹೋಗಿದೆ. ಒಬ್ಬಳು ಹೆಂಗಸು ಏರಿಳಿತವಿಲ್ಲದೆ, ಅಳದೆ, ಗದರಿಸದೆ ಹಾಡಿಕೊಂಡು ಹೋಗುತ್ತಾಳೆ. ಮೂಲದಲ್ಲಿ ಬಡಿತದ ಕೆಳಗೆ ಮುಚ್ಚಿಹೋಗಿದ್ದ ಕೊಲೆ ಇಲ್ಲಿ ಎದ್ದು ಕೂರುತ್ತದೆ.

ಹೀಗೆ ಹಾಡುವುದು ಕನ್ನಡದವರಿಗೆ ಹೊಸದಲ್ಲ. ‘ಕೆರೆಗೆ ಹಾರ’ವನ್ನು ಹಳ್ಳಿಯ ಹೆಂಗಸರ ಬಾಯಲ್ಲಿ ಕೇಳಿದವರಿಗೆ ಗೊತ್ತು. ನೀರು ಬಾರದ ಕೆರೆಗೆ ಕಿರಿಸೊಸೆ ಭಾಗೀರಥಿಯನ್ನು ಬಲಿಕೊಡುವ ತೀರ್ಮಾನವಾಗುವಾಗ ಇರುವ ಮಟ್ಟೇ, ಅವಳು ತವರಿಗೆ ಹೋಗಿ ಬರುವಾಗಲೂ, ಮೆಟ್ಟಿಲು ಮೆಟ್ಟಿಲಾಗಿ ನೀರು ಏರುವಾಗಲೂ. ಎಲ್ಲೂ ಹಾಡು ನಿಂತು ‘ಇಲ್ಲಿ ಕಣ್ಣೀರು ಹಾಕಿ’ ಅನ್ನುವುದಿಲ್ಲ. ಅದಕ್ಕೇ ಅದನ್ನು ಕೇಳುವುದು ಅಷ್ಟು ಕಷ್ಟ.

ಈ ‘ಇಲ್ಲಿ ಅಳಿ, ಇಲ್ಲಿ ನಗಿ’ ಅನ್ನುವ ಸೂಚನೆ ಹಾಡಿನಲ್ಲಿ ಎಲ್ಲಿ ಅಡಗಿರುತ್ತದೆ ಅಂತ ಹುಡುಕಿದರೆ ಬಹಳ ಮಟ್ಟಿಗೆ ಒಂದೇ ಸ್ವರದ ಬಳಿ ಬಂದು ನಿಲ್ಲುತ್ತೇವೆ. ಈಗಿನ ಪಾಪ್ ಹಾಡಿನ ಹಿಮ್ಮೇಳದಲ್ಲಿ ಗಿಟಾರೋ ಕೀಬೋರ್ಡೋ ಸಾಮಾನ್ಯವಾಗಿ ಮೂರು ಸ್ವರಗಳನ್ನು ಒಟ್ಟಿಗೆ ಹಿಡಿದಿರುತ್ತದೆ. ಅವುಗಳಲ್ಲಿ ತಳದ್ದನ್ನು ಷಡ್ಜ ಅಂದುಕೊಂಡರೆ ಮೇಲಿನದು ಪಂಚಮ, ನಡುವಿನದು ಗಾಂಧಾರ. ಷಡ್ಜ ಪಂಚಮಗಳು ಅಚಲ, ಅವಕ್ಕೆ ಏರಿಳಿತವಿಲ್ಲ. ಗಾಂಧಾರ ಎಲ್ಲಿ ಕೂತಿದೆ ಎನ್ನುವುದರ ಮೇಲೆ ಆ ಸ್ವರಗುಚ್ಛದ ಮುಖಭಾವ ನಿಂತಿದೆ. ಅಂತರ ಗಾಂಧಾರವಾದರೆ ಪಾಶ್ಚಾತ್ಯ ಕಿವಿಗೆ ಬಿಸಿಲು, ಸಾಧಾರಣ ಗಾಂಧಾರವಾದರೆ ಮೋಡ. (ನಮ್ಮಲ್ಲಿ ಲೆಕ್ಕ ಇಷ್ಟು ಸಲೀಸಲ್ಲ. ಖರಹರಪ್ರಿಯ, ಹಿಂದೋಳ ಎರಡರಲ್ಲೂ ಇರುವುದು ಸಾಧಾರಣ ಗಾಂಧಾರವೇ. ಅವನ್ನು ಅಳುಬುರುಕ ರಾಗ ಅಂದವರನ್ನು ನಾನು ಕಂಡಿಲ್ಲ.) ಹಾಡು ಶುರುವಾಗಿ ಎರಡು ಕ್ಷಣದೊಳಗೆ, ಗಾಯಕ ಬಾಯಿ ತೆರೆಯುವ ಮೊದಲೇ, ಖುಷಿಪಡಬೇಕೋ ಕೊರಗಬೇಕೋ ಎನ್ನುವುದನ್ನು ಗಾಂಧಾರ ಹೇಳಿ ಮುಗಿಸಿರುತ್ತದೆ.

ಮಧ್ಯಯುಗದ ಧಾಟಿ ತರಬೇಕಾದರೆ ಮಾಡುವ ಮೊದಲ ಕೆಲಸ, ಹಿಮ್ಮೇಳದಿಂದ ಆ ಗಾಂಧಾರವನ್ನು ಎತ್ತಿಹಾಕುವುದು. ಷಡ್ಜ ಪಂಚಮ ಎರಡೇ ಉಳಿದು ನಡುವೆ ದೊಡ್ಡದೊಂದು ಬಯಲು ತೆರೆದುಕೊಳ್ಳುತ್ತದೆ. ಎರಡನೆಯ ಕೆಲಸ, ಸಾಲಿನ ಕೊನೆಗೆ ಷಡ್ಜದ ಬಾಗಿಲಿಗೆ ತಳ್ಳುವ ಕಾಕಲಿ ನಿಷಾದವನ್ನು ಇಳಿಸಿ ಕೈಶಿಕಿ ಮಾಡುವುದು. ಆ ಕಾಲದ ಯೂರೋಪಿನವರು ಡೋರಿಯನ್ ಎಂದ ಸ್ವರಶ್ರೇಣಿಗೂ ನಮ್ಮ ಖರಹರಪ್ರಿಯದ ಮೇಳಕ್ಕೂ ಸ್ವರಸ್ಥಾನ ಒಂದೇ. ಇಷ್ಟಾದ ಮೇಲೆ ಒಂದು ಶ್ರುತಿ ಹಿಡಿಯುತ್ತಾರೆ. ಅದಕ್ಕೆ ಅಲ್ಲಿ ಹರ್ಡಿ-ಗರ್ಡಿ ಎಂಬ ವಾದ್ಯವಿದೆ: ಹಿಡಿಕೆ ತಿರುಗಿಸಿದರೆ ರಾಳ ಸವರಿದ ಮರದ ಚಕ್ರ ತಂತಿಗಳನ್ನು ಉಜ್ಜುತ್ತದೆ. ಒಂದೆರಡು ತಂತಿಯ ಮೇಲೆ ರಾಗ ನಡೆಯುತ್ತದೆ, ಮಿಕ್ಕವು ಕದಲದೆ ಆಧಾರ ಸ್ವರ ಹಿಡಿದಿರುತ್ತವೆ. ಪಿಟೀಲು ತಂಬೂರಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದ ಬಡಗಿಯ ಬುದ್ಧಿಗೆ ಕೈಮುಗಿಯಬೇಕು.

ಈಗ ಗೊತ್ತಿರುವ ಹಾಡೊಂದು ಈ ಬಯಲಿಗೆ ಬರುತ್ತದೆ. ರಾಗ ಅದೇ, ಮುಂದಿನ ಸಾಲು ಎಲ್ಲಿ ತಿರುಗುತ್ತದೆ ಅಂತ ನಾಲಿಗೆಗೆ ಗೊತ್ತು. ಆದರೆ ಅದರ ಪಕ್ಕದಲ್ಲಿ ಕೂತು ಭಾವ ಹೇಳಿಕೊಡುತ್ತಿದ್ದವನು ಎದ್ದುಹೋಗಿದ್ದಾನೆ. ರೇಡಿಯೊದಲ್ಲಿ ಸಾವಿರ ಸಲ ಕೇಳಿಯೂ ಕೇಳದೆ ಹೋಗಿದ್ದ ಹಾಡನ್ನು ಈಗ ಕೂತು ಕೇಳಬೇಕಾಗುತ್ತದೆ, ಯಾಕೆಂದರೆ ಅದು ಏನು ಅನ್ನುತ್ತಿದೆ ಎಂದು ತಿಳಿಸುವ ಬೋರ್ಡು ಅಲ್ಲಿಲ್ಲ. ನನಗೆ ಸಿಕ್ಕ ಸಂತೋಷದ ಬೇರು ಇದೇ ಎನ್ನುವುದು ನನ್ನ ನಂಬಿಕೆ. ಹಳೆಯದು ಅನ್ನುವ ಗೌರವಕ್ಕಾಗಲಿ, ಅಯ್ಯೋ ಆ ಕಾಲವೇ ಚೆಂದ ಅನ್ನುವ ಹಳಹಳಿಕೆಗಾಗಲಿ ಇದರಲ್ಲಿ ಪಾಲು ಕಡಿಮೆ. ಪ್ಲೇಗು ಗುಡಿಸಿದ ಕಾಲದಲ್ಲಿ ಹುಟ್ಟಬೇಕಿತ್ತು ಅಂತ ಯಾರಿಗೆ ತಾನೆ ಅನ್ನಿಸೀತು!

ಗಾಂಧಾರದ ಕಥೆ ಇಲ್ಲಿಗೆ ಮುಗಿಯುವುದಿಲ್ಲ, ಇದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವ ಸಂಗತಿ ಬೇರೆಯೇ ಇದೆ. ಮಧ್ಯಯುಗದ ಯೂರೋಪಿನವರು ಪಂಚಮದ ಮೇಲೆ ಪಂಚಮ ಹತ್ತಿಸಿ ಸ್ವರಸ್ಥಾನ ಲೆಕ್ಕ ಹಾಕುತ್ತಿದ್ದರು. ಹಾಗೆ ಹೋದರೆ ಸಿಗುವ ಗಾಂಧಾರ 81:64ರ ಪ್ರಮಾಣದ್ದು, ಕೊಂಚ ಏರಿದ್ದು, ಷಡ್ಜದ ಜೊತೆ ಹಿಡಿದರೆ ಒರಟು. ಅದಕ್ಕೇ ಅವರು ಅದನ್ನು ಪೂರ್ತಿ ನಂಬಲಿಲ್ಲ. ಹಾಡಿನ ನಿಲುಗಡೆಗಳಲ್ಲಿ ಷಡ್ಜ ಪಂಚಮವನ್ನಷ್ಟೇ ಉಳಿಸಿಕೊಂಡರು. ನಮ್ಮ ತಂಬೂರಿಯಲ್ಲೂ ಅಷ್ಟೇ: ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ. ಗಾಂಧಾರಕ್ಕೆ ತಂತಿಯೇ ಇಲ್ಲ. ಆದರೆ ಕುದುರೆಯ ಮೇಲೆ ತಂತಿಯ ಕೆಳಗೆ ನೂಲೆಳೆಯನ್ನು ಕೂದಲಿನಷ್ಟು ಆಚೆ ಈಚೆ ಸರಿಸುತ್ತ, ತಕ್ಕ ಜಾಗ ಸಿಕ್ಕಿ ಜೀವ ಬಂದಾಗ, ಆ ನಾಲ್ಕು ತಂತಿಯ ಝೇಂಕಾರದೊಳಗಿಂದ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಎದ್ದು ಬರುತ್ತದೆ. ಅದನ್ನು ಸ್ವಯಂಭು ಗಾಂಧಾರ ಅನ್ನುತ್ತಾರೆ. ತಂತಿ ಇಡಿಯಾಗಿ ಕಂಪಿಸುವುದರ ಜೊತೆಗೇ ಐದು ಭಾಗವಾಗಿಯೂ ಕಂಪಿಸುತ್ತದೆ, ಆ ಐದನೆಯ ಪಾಲಿನ ದನಿ ಇದು. ಪ್ರಮಾಣ 5:4, ಒರಟಿಲ್ಲದ ಗಾಂಧಾರ. ಮನುಷ್ಯರು ಹೊರಗಿಟ್ಟ ಸ್ವರವನ್ನು ತಂತಿ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿರುತ್ತದೆ.

ಇನ್ನು, ಈ ಹಾಡುಗಳ ಪ್ರಾಚೀನತೆ ಎಷ್ಟು ನಿಜ? ಬಹಳ ಕಡಿಮೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ದಕ್ಷಿಣ ಫ್ರಾನ್ಸಿನ ಆಸ್ಥಾನಗಳಲ್ಲಿ ಹಾಡುತ್ತಿದ್ದ ಟ್ರೂಬಡೂರ್ ಕವಿಗಳ ಸುಮಾರು ಎರಡೂವರೆ ಸಾವಿರ ಪದ್ಯಗಳು ಉಳಿದಿವೆ. ಮಟ್ಟು ಉಳಿದಿರುವುದು ಅದರ ಹತ್ತನೇ ಒಂದು ಪಾಲಿಗೆ. ಆ ಉಳಿದ ಮಟ್ಟುಗಳಲ್ಲೂ ಸ್ವರ ಯಾವುದು ಅಂತ ಬರೆದಿದ್ದಾರೆ, ಎಷ್ಟು ಹೊತ್ತು ಹಿಡಿಯಬೇಕು ಅಂತ ಹೆಚ್ಚಿನ ಕಡೆ ಬರೆದಿಲ್ಲ. ತಾಳವೇ ಕಳೆದುಹೋದ ಹಾಡುಗಳು ಅವು. ಹೀಗಿರುವಾಗ ಮಧ್ಯಯುಗದ ಶೈಲಿ ಅಂತ ನಾವು ಕೇಳುತ್ತಿರುವುದರಲ್ಲಿ ಒಂದಿಷ್ಟು ಆ ಕಾಲದ್ದು, ಒಂದಿಷ್ಟು ಮುನ್ನೂರು ವರ್ಷ ಆಮೇಲಿನದು, ಒಂದಿಷ್ಟು ಐರ್ಲೆಂಡಿನ ಜನಪದದ್ದು, ಮಿಕ್ಕದ್ದು ಸಿನಿಮಾದ್ದು. ವಾದ್ಯಗಳೂ ಎಷ್ಟೋ ಸಲ ಕಂಪ್ಯೂಟರಿನೊಳಗೆ ಕೂಡಿಟ್ಟ ದನಿಗಳು. ಭಾಷೆಯೂ ಹಾಗೇ, ಅವರು ಬಳಸುವ ಹಳೇ ಇಂಗ್ಲಿಷ್ ಶೇಕ್ಸ್‌ಪಿಯರನ ಕಾಲದ ನಾಟಕದ್ದೇ ಹೊರತು ಹಿಲ್ಡೆಗಾರ್ಡಳ ಕಾಲದ್ದಲ್ಲ.

ಪಂಡಿತರು ಇದಕ್ಕೆ ಮೂಗು ಮುರಿದರೆ ತಪ್ಪಿಲ್ಲ. ನಾನು ಮುರಿಯಲಾರೆ. ನಮ್ಮ ತುಮಕೂರು, ಮಂಡ್ಯದ ಕಡೆ ಇವತ್ತಿಗೂ ‘ಕುರುಕ್ಷೇತ್ರ’ ನಾಟಕ ನಡೆಯುತ್ತದೆ. ದ್ವಾಪರಯುಗದ ದುರ್ಯೋಧನ ಮಖಮಲ್ಲಿನ ಪೋಷಾಕು ಹಾಕಿಕೊಂಡು, ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಹಡಗು ಹತ್ತಿ ಬಂದ ಹಾರ್ಮೋನಿಯಮ್ಮಿನ ಶ್ರುತಿಗೆ ಕಂದಪದ್ಯ ಎತ್ತುತ್ತಾನೆ. ರಾಗ ಎಳೆದೂ ಎಳೆದೂ ಕೊನೆಗೆ ಗದೆ ಕುಕ್ಕಿ ನಿಂತಾಗ ಕೂತಿದ್ದವರು ಒನ್ಸ್ ಮೋರ್ ಅನ್ನುತ್ತಾರೆ. ಹಸ್ತಿನಾಪುರದಲ್ಲಿ ಹಾರ್ಮೋನಿಯಂ ಇತ್ತೇ ಅಂತ ಎದ್ದು ಕೇಳಿದವನನ್ನು ಇದುವರೆಗೆ ನೋಡಿಲ್ಲ. ಕೇಳುವವನು ಆ ಕಾಲಕ್ಕೆ ಹೋಗುವುದು ಮುಖ್ಯ. ಗಾಡಿ ಯಾವ ಕಾಲದ್ದಾದರೇನು? ಸುಳ್ಳು ಹಳತಿಗೆ ಒಂದು ಅನುಕೂಲವೂ ಇದೆ. ಅದು ಯಾರ ಆಸ್ತಿಯೂ ಅಲ್ಲ, ಮುಟ್ಟಿದರೆ ಮೈಲಿಗೆ ಅನ್ನುವವರಿಲ್ಲ. ಅದರೊಳಗೆ ಮನಸ್ಸು ಹೆದರದೆ ಆಡುತ್ತದೆ.

ಇಂಥ ಆಟಕ್ಕೆ ಎಲ್ಲ ಕಡೆಯೂ ಜನ ಇದ್ದಾರೆ. ಫಿನ್ಲೆಂಡಿನ ಯೂಕ್ಕಾ ಅಮ್ಮೊಂಡ್ಟ್ ಎಂಬ ಸಾಹಿತ್ಯದ ಮೇಷ್ಟ್ರು 1990ರ ದಶಕದಲ್ಲಿ ಎಲ್ವಿಸ್ ಪ್ರೀಸ್ಲಿಯ ಹಾಡುಗಳನ್ನು ಲ್ಯಾಟಿನ್ನಿನಲ್ಲಿ ಹಾಡಿ ಆಲ್ಬಮ್ ತಂದರು, ಅದೂ ಸಾಲದೆ ಸುಮೇರಿಯನ್ನಿಗೂ ಕೈ ಹಾಕಿದರು. ನಮ್ಮಲ್ಲೂ ಸಿನಿಮಾ ಹಾಡನ್ನು ಪಂಪನ ಕನ್ನಡಕ್ಕೆ ತಿರುಗಿಸಿ ನಗುವ ಗೆಳೆಯರು ಎಲ್ಲರಿಗೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಬರ್ಪೆಂ, ಪೋಪೆಂ ಅಂತ ಎರಡು ಸಾಲು ಸರಾಗ ಹೋಗುತ್ತದೆ. ಮೂರನೆಯ ಸಾಲಿಗೆ ಬೈಕು ಬಂದು ಅಡ್ಡ ನಿಲ್ಲುತ್ತದೆ.

ಹೊಸ ಹಾಡು ಹಳೇ ವಾದ್ಯದ ಮೇಲೆ ಏರುವುದನ್ನು ನಾನು ಹತ್ತಿರದಿಂದ ನೋಡಿರುವುದು ಮದುವೆ ಛತ್ರಗಳಲ್ಲಿ. ಮುಹೂರ್ತ ಮುಗಿದು ಜನ ಊಟದ ಹಾಲಿನ ಕಡೆ ನುಗ್ಗಿದ ಮೇಲೆ ವಾಲಗದವರ ಮುಖ ಸಡಿಲವಾಗುತ್ತದೆ. ಅಲ್ಲಿಯವರೆಗೆ ಕಲ್ಯಾಣಿ, ಮೋಹನ ಅಂತ ನುಡಿಸಿಕೊಂಡಿದ್ದ ನಾಗಸ್ವರದವರು ಡೋಲಿನವರ ಕಡೆ ಒಮ್ಮೆ ಕಣ್ಣು ಹೊಡೆದು ಇಳಯರಾಜಾ ಅವರ ಹಳೇ ಹಾಡೊಂದನ್ನು ಎತ್ತುತ್ತಾರೆ. ಗಿಟಾರಿನ ಮೇಲೆ ಬೆಳೆದ ಹಾಡು. ನಾಗಸ್ವರಕ್ಕೆ ನೆಟ್ಟಗೆ ನಿಂತ ಸ್ವರ ಒಗ್ಗುವುದಿಲ್ಲ, ಹಾಗಾಗಿ ಪ್ರತಿ ಸ್ವರದ ತುದಿ ಕೊಂಚ ಅಲುಗುತ್ತದೆ. ಎರಡು ಸ್ವರಗಳ ನಡುವೆ ಮೂಲದಲ್ಲಿ ಏನೂ ಇಲ್ಲದ ಕಡೆ ಒಂದು ಜಾರು ಬೀಳುತ್ತದೆ. ಮೊದಲ ಸಾಲು ಹಾಡು ಹಾಡಾಗಿಯೇ ಬರುತ್ತದೆ; ಎರಡನೇ ಸುತ್ತಿಗೆ ಡೋಲಿನವರು ಸುಮ್ಮನಿರಲಾರದೆ ನಡೆ ಬದಲಿಸುತ್ತಾರೆ, ಮೂರನೇ ಸುತ್ತಿಗೆ ಒಂದು ಪುಟ್ಟ ಮುಕ್ತಾಯ ಹಾಕಿ ಸಮಕ್ಕೆ ತಂದು ಇಳಿಸುತ್ತಾರೆ. ಎಲೆ ಮುಂದೆ ಕೂತವರು ಅನ್ನ ಕಲೆಸುವುದನ್ನು ನಿಲ್ಲಿಸಿ ‘ಇದು ಅದೇ ಅಲ್ವೇನ್ರೀ’ ಅಂತ ಪಕ್ಕದವರನ್ನು ಕೇಳುವ ಆ ಗಳಿಗೆಯನ್ನು ನಾನು ಕಾದು ನೋಡುತ್ತೇನೆ. ಗುರುತು ಸಿಕ್ಕ ಮುಖದಲ್ಲಿ ಒಂದು ಗೆಲುವು ಹೊಳೆಯುತ್ತದೆ, ಕಳೆದುಹೋದ ಉಂಗುರ ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ ಹಾಗೆ.

ಉಂಗುರದ ಮಾತು ಬಂದದ್ದಕ್ಕೆ ‘ಶಾಕುಂತಲ’ದ ಐದನೆಯ ಅಂಕ ನೆನಪಾಗುತ್ತಿದೆ. ಅಭಿನವ ಕಾಳಿದಾಸರೆನಿಸಿದ ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಮೇಲೆ ಅದು ನಮ್ಮ ನಾಟಕವೂ ಆಯಿತಲ್ಲ. ಶಕುಂತಲೆ ಅರಮನೆಗೆ ಬರುವ ಮೊದಲು, ಒಳಗೆ ಎಲ್ಲೋ ಹಂಸಪದಿಕೆ ಎಂಬ ರಾಣಿ ಹಾಡುವುದು ದುಷ್ಯಂತನ ಕಿವಿಗೆ ಬೀಳುತ್ತದೆ. ತನ್ನನ್ನು ಮರೆತ ರಾಜನನ್ನು ಅವಳು ಹಾಡಿನಲ್ಲಿ ಚುಚ್ಚುತ್ತಿದ್ದಾಳೆ, ಅದು ಅವನಿಗೂ ಗೊತ್ತು. ಆದರೂ ಹಾಡು ನಿಂತ ಮೇಲೆ ಅವನಿಗೆ ಕಾರಣವಿಲ್ಲದ ತಳಮಳ ಶುರುವಾಗುತ್ತದೆ. ಯಾರನ್ನೂ ಅಗಲಿಲ್ಲ, ಆದರೂ ಯಾರನ್ನೋ ಅಗಲಿದಂತೆ. ಶಾಪದಿಂದ ಅಳಿಸಿಹೋದ ನೆನಪು ಹೆಸರಿಲ್ಲದೆ, ಮುಖವಿಲ್ಲದೆ, ಬರೀ ದನಿಯಾಗಿ ಬಂದು ಬಾಗಿಲು ತಟ್ಟುತ್ತಿದೆ. ವಿರಹ ಗೀತೆಯನ್ನು ಕೇಳಿ ವಿರಹ ಪಡುವುದು ಯಾರಿಂದಲಾದರೂ ಆದೀತು. ಏನಕ್ಕೆ ಅಂತ ತಿಳಿಯದೆ ಮನಸ್ಸು ಕಲಕುವುದು ಬೇರೆ. ಹಳೇ ಧಾಟಿಗೆ ಹೋದ ಹೊಸ ಹಾಡುಗಳು ನನ್ನಲ್ಲಿ ಹುಟ್ಟಿಸುವ ಕಲಕಾಟ ಈ ಜಾತಿಯದು. ಎಂದೂ ಬದುಕಿರದ ಕಾಲವೊಂದನ್ನು ನೆನೆಸಿಕೊಳ್ಳುತ್ತಿದ್ದೇನೆ ಅನ್ನಿಸುತ್ತದೆ, ಅಷ್ಟರಲ್ಲೇ ಇದು ಹತ್ತು ವರ್ಷದ ಹಿಂದೆ ಏರ್‌ಪೋರ್ಟ್ ಟ್ಯಾಕ್ಸಿಯಲ್ಲಿ ಕೇಳಿದ ಹಾಡು ಅನ್ನುವುದೂ ನೆನಪಾಗುತ್ತದೆ. ಎರಡೂ 'ನೆನಪು' ಒಂದೇ ಹೊತ್ತಿಗೆ ಬರುತ್ತವೆ, ಒಂದು ಸುಳ್ಳು, ಒಂದು ನಿಜ. ಸುಳ್ಳಿನದೇ ಹೆಚ್ಚು ಒತ್ತುತ್ತದೆ.

ಹಾಡು ಹೀಗೆ ಕಾಲ ದಾಟಿ ಅಲೆಯುವುದು ಕಂಪ್ಯೂಟರು ಬಂದ ಮೇಲಿನ ಚಾಳಿಯೇನಲ್ಲ. ಹದಿನೈದನೆಯ ಶತಮಾನದಲ್ಲಿ ಫ್ರಾನ್ಸಿನ ಕಡೆ ‘ಲೊಮ್ ಆರ್ಮೆ’, ಅಂದರೆ ಆಯುಧ ಹಿಡಿದವನು, ಅಂತ ಒಂದು ಬೀದಿ ಹಾಡು ಎಲ್ಲರ ಬಾಯಲ್ಲೂ ಇತ್ತು. ಅದರ ಮಟ್ಟನ್ನು ಅಡಿಪಾಯ ಮಾಡಿಕೊಂಡು ಚರ್ಚಿನ ಪೂಜಾಸಂಗೀತ ಕಟ್ಟುವ ಹುಚ್ಚು ಹಿಡಿಯಿತು. ದ್ಯುಫಾಯಿ, ಜೊಸ್ಕ್ಯಾಂ, ಪ್ಯಾಲೆಸ್ಟ್ರೀನಾ, ದೊಡ್ಡವರೆಲ್ಲ ಬರೆದರು. ನಲವತ್ತಕ್ಕೂ ಹೆಚ್ಚು ಉಳಿದಿವೆ. ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದರೆ ಒಳಗೊಳಗೇ ಬೀದಿ ಹಾಡು ಹೋಗುತ್ತಿರುತ್ತಿತ್ತು. ಸಿನಿಮಾ ಮಟ್ಟಿಗೆ ಭಜನೆ ಹಾಡುವ ನಮ್ಮ ಮಂಡಳಿಗಳನ್ನು ಬೈಯುವವರು ಪ್ಯಾಲೆಸ್ಟ್ರೀನಾನನ್ನೂ ಒಂದು ಮಾತು ಬೈದರೆ ಲೆಕ್ಕ ಸರಿಹೋಗುತ್ತದೆ.

ಇನ್ನೂ ಚೋದ್ಯ ಬೇಕಾದರೆ ಗೋಟಿಯೆಯ ಹಾಡಿನ ಜಾಡು ಹಿಡಿಯಬೇಕು. ಬೇರೆಯಾದ ಪ್ರೇಮಿಯನ್ನು ಕುರಿತು ಈ ಆಸ್ಟ್ರೇಲಿಯಾದ ಗಾಯಕ 2011ರಲ್ಲಿ ಹಾಡಿದ್ದನ್ನು ಜಗತ್ತೆಲ್ಲ ಕೇಳಿತು, ಮಧ್ಯಯುಗದ ರೂಪವೂ ಅದಕ್ಕೆ ಬಂತು. ಅದರ ಗಿಟಾರಿನ ತುಣುಕು ಬ್ರೆಜಿಲ್ಲಿನ ಲೂಯಿಸ್ ಬೊನ್‌ಫಾ 1967ರಲ್ಲಿ ನುಡಿಸಿದ ‘ಸೆವಿಲ್’ನಿಂದ ಎತ್ತಿದ್ದು. ಅದರ ಮೇಲೆ ಟಿಣ್ ಟಿಣ್ ಅಂತ ಬಡಿಯುವ ಪಟ್ಟಿವಾದ್ಯದ ಸ್ವರಗಳು, ನರ್ಸರಿ ಮಕ್ಕಳು ಹೇಳುವ ‘ಬಾ ಬಾ ಬ್ಲ್ಯಾಕ್ ಶೀಪ್’ನ ಧಾಟಿಯನ್ನೇ ಹೋಲುತ್ತವೆ. ‘ಬಾ ಬಾ’ ಮತ್ತು ‘ಟ್ವಿಂಕಲ್ ಟ್ವಿಂಕಲ್’ ಎರಡಕ್ಕೂ ಮೂಲ ಒಂದೇ ಫ್ರೆಂಚ್ ಮಟ್ಟು, ಅಚ್ಚಾದದ್ದು 1761ರಲ್ಲಿ. ಮೊಜಾರ್ಟ್ ಅದಕ್ಕೆ ಹನ್ನೆರಡು ಬಗೆಯ ಮಾರ್ಪಾಡು ಬರೆದ. ಅದೇ ಮಟ್ಟು ಹೇಗೋ ಮದರಾಸಿನ ಕೋಟೆಯ ಇಂಗ್ಲಿಷರ ಬ್ಯಾಂಡಿನ ದಾರಿಯಲ್ಲಿ ಮುತ್ತುಸ್ವಾಮಿ ದೀಕ್ಷಿತರ ಕಿವಿಗೂ ಬಿತ್ತು. ಹರೆಯದಲ್ಲಿ ಮದರಾಸಿನ ಹತ್ತಿರದ ಮಣಲಿಯಲ್ಲಿದ್ದವರು ಅವರು. ಆ ಮಟ್ಟಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದರು, ‘ಶ್ಯಾಮಲೇ ಮೀನಾಕ್ಷಿ’ ಆಯಿತು. ಇಂಗ್ಲಿಷರ ರಾಜಗೀತೆಯ ಮಟ್ಟನ್ನೂ ಬಿಡದೆ ಅದರಲ್ಲಿ ದೇವಿಯನ್ನು ಸ್ತುತಿಸಿದರು. ಇಂಥ ನೊಟ್ಟುಸ್ವರಗಳು ನಲವತ್ತರ ಆಸುಪಾಸು ಇವೆ, ಎಲ್ಲ ಶಂಕರಾಭರಣದ ಸ್ವರಗಳಲ್ಲಿ. ಹೊಸ ವಿದೇಶೀ ಹಾಡನ್ನು ಪ್ರಾಚೀನ ವೇಷದಲ್ಲಿ ನಿಲ್ಲಿಸಿ ನೋಡುವ ಆಟವನ್ನು ಕೊರ್ನೇಲಿಯಸ್ ಲಿಂಕನಿಗಿಂತ ಇನ್ನೂರು ವರ್ಷ ಮೊದಲು ಆಡಿ ಮುಗಿಸಿದ್ದವರು ದೀಕ್ಷಿತರು. ಇವತ್ತು ಬಸವನಗುಡಿಯ ಯಾವುದೇ ಸಂಗೀತ ಪಾಠದ ಮನೆಯ ಮುಂದೆ ಸಂಜೆ ನಿಂತರೂ ಮಕ್ಕಳು ‘ಶ್ಯಾಮಲೇ ಮೀನಾಕ್ಷಿ’ ಹೇಳುವುದು ಕೇಳಬಹುದು. ಆ ಮಕ್ಕಳಿಗೆ ಅದು ಅಪ್ಪಟ ದೀಕ್ಷಿತರ ಕೃತಿ. ಅದು ಸರಿಯೇ.

ಎಲ್ಲ ಹಾಡೂ ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಬರೀ ಬಡಿತದ ಮೇಲೆ, ಸ್ಟುಡಿಯೊದ ಮಿರುಗಿನ ಮೇಲೆ ನಿಂತವು ಹರ್ಡಿ-ಗರ್ಡಿಗೆ ಬಂದರೆ ಮಳೆಯಲ್ಲಿ ನೆನೆದ ಕಾಗೆಯ ಹಾಗೆ ಬಡವಾಗುತ್ತವೆ. ಜೋಕು ಮಾತ್ರ ಉಳಿಯುತ್ತದೆ. ಇನ್ನು ಕೆಲವಕ್ಕೆ ಏನೂ ಮಾಡಬೇಕಾಗಿಯೇ ಇಲ್ಲ. ಡಾಲಿ ಪಾರ್ಟನ್ 1973ರಲ್ಲಿ ಹಾಡಿದ ‘ಜೋಲೀನ್’ ಅಂಥದು. ಅಪಲಾಚಿಯನ್ ಬೆಟ್ಟದ ಸೀಮೆಯವಳು ಆಕೆ. ಇಂಗ್ಲೆಂಡು, ಸ್ಕಾಟ್‌ಲೆಂಡುಗಳಿಂದ ಬಂದು ನೆಲೆಸಿದವರು ತಂದ ಹಳೇ ಕಥನಗೀತೆಗಳು ಅಲ್ಲಿ ಉಳಿದುಕೊಂಡಿದ್ದವು. ಆ ಹಾಡು ಹುಟ್ಟಿನಿಂದಲೇ ಕೈಶಿಕಿ ನಿಷಾದದ ಮೇಲೆ ನಡೆಯುತ್ತದೆ. ಕೆನಡಾದ ಹಿಲ್ಡೆಗಾರ್ಡ್ ಅದನ್ನು ಹಳೇ ಧಾಟಿಗೆ ತಂದಾಗ ಊರು ಬಿಟ್ಟಿದ್ದವಳು ತವರಿಗೆ ಬಂದ ಹಾಗಿತ್ತು.

ಅದನ್ನು ನಮ್ಮ ಬೀದಿಯ ವೀಣೆ ಮೇಡಂಗೆ ಕೇಳಿಸಿದೆ. ಎಂಬತ್ತರ ಹತ್ತಿರದವರು, ಇಂಗ್ಲಿಷ್ ಹಾಡಿನ ಸಹವಾಸವಿಲ್ಲ. ಹೆಡ್‌ಫೋನ್ ಬೇಡ ಅಂದರು. ಫೋನನ್ನೇ ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು.

“ನಟಭೈರವಿ ಕಡೆಯದು ಇದು. ಶ್ರುತಿ ಸೊಗಸಾಗಿದೆ. ಏನಂತಾಳೆ ಹುಡುಗಿ?”

“ಅವಳಿಗಿಂತ ಚೆಲುವೆ ಇನ್ನೊಬ್ಬಳಿದ್ದಾಳೆ ಮೇಡಂ. ನನ್ನ ಗಂಡನ್ನ ಸೆಳ್ಕೋಬೇಡ ಕಣೇ ಅಂತ ಅವಳನ್ನೇ ಬೇಡ್ಕೋತಾ ಇದ್ದಾಳೆ.”

“ಓ, ಹಾಗಾದ್ರೆ ಕ್ಷೇತ್ರಯ್ಯನ ಪದದ ವಸ್ತು ಅನ್ನಿ!” ಅವರ ಮುಖ ಅರಳಿತು. “ಆದ್ರೆ ಇಷ್ಟು ಓಡ್ಕೊಂಡು ಹಾಡ್ತಾರೇನ್ರೀ? ಪದ ಅಂದ್ಮೇಲೆ ನಿಧಾನ ಬೇಕು. ಹೀಗೆ ಅವಸರದಲ್ಲಿ ಕೇಳಿದ್ರೆ ಯಾರು ತಾನೆ ಗಂಡನ್ನ ಬಿಟ್ಟುಕೊಡ್ತಾರೆ?”

ನಿಧಾನದ್ದೂ ಒಂದು ಇದೆ. ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ‘ಜೋಲೀನ್’ ತಟ್ಟೆಯನ್ನು ಯಾರೋ 33ರ ವೇಗದಲ್ಲಿ ಹಾಕಿಬಿಟ್ಟಿದ್ದರು. ಹಾಡು ಕೆಡುವ ಬದಲು ಕೇಳಿದವರನ್ನೆಲ್ಲ ಹಿಡಿದು ಕೂರಿಸಿತು. ವೇಗ ಇಳಿದಾಗ ಡಾಲಿಯ ತೆಳು ಕಂಠವೂ ಇಳಿದು ಗಂಡುದನಿಯಾಗುತ್ತದೆ, ಸಾಲು ಸಾಲೂ ನೆಲಕ್ಕೆ ಭಾರ ಬಿಟ್ಟು ನಡೆಯುತ್ತದೆ. ಮಾರನೆಯ ವಾರ ಅದನ್ನು ಒಯ್ದು ಹಾಕಿಕೊಟ್ಟೆ. ಮೇಡಂ ಕಣ್ಣು ಮುಚ್ಚಿ, ಪೂರ್ತಿ ಕೇಳಿ, ಫೋನ್ ವಾಪಸು ಕೊಟ್ಟರು.

“ಈಗ ಸರಿಹೋಯ್ತು ನೋಡಿ. ಆದ್ರೆ ಇದು ಯಾರು ಹಾಡಿದ್ದು, ಆ ಗಂಡನೇನಾ?”